ಎರಡು ಮನೆಗೆ ಒಂದು ಬೈಕು

ನಾನೂ ನನ್ನ ಗೆಳೆಯನೂ ಸೇರಿ ಒಂದು ದೊಡ್ಡ ಬೈಕು ಕೊಂಡಿದ್ದೇವೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ‘ಹೌದು, ಅದು ಯಾರದು?’ ಎನ್ನುತ್ತಾರೆ. ಇಬ್ಬರದೂ ಎನ್ನುತ್ತೇನೆ. ‘ಅದು ಸರಿ, ನಿಜವಾಗಿ ಯಾರದು?’ ಎಂದು ಮತ್ತೆ ಕೇಳುತ್ತಾರೆ. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ನಮ್ಮೂರಿನಲ್ಲಿ ಮಾತ್ರ ಯಾರೂ ಈ ಪ್ರಶ್ನೆ ಕೇಳಲಿಲ್ಲ.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಿಂಧಘಟ್ಟಕ್ಕೆ ಹತ್ತಿರ. ನಮ್ಮ ಹೊಲವೂ ಗೆಳೆಯನ ಹೊಲವೂ ಒಂದೇ ಬದುವಿನ ಆಚೆ ಈಚೆ. ನಾವು ಚಿಕ್ಕವರಿದ್ದಾಗ ಎರಡೂ ಮನೆಗಳಲ್ಲಿ ಇದ್ದದ್ದು ಒಂದೊಂದೇ ಎತ್ತು. ಒಂದೇ ಎತ್ತಿನಲ್ಲಿ ಉಳುವುದು ಆಗದ ಮಾತು. ಹಾಗಾಗಿ ನನ್ನಪ್ಪನೂ ಅವನಪ್ಪನೂ ಜೊತೆ ಕಟ್ಟಿದ್ದರು. ನಮ್ಮ ಎತ್ತು ನೊಗದ ಎಡಕ್ಕೆ, ಅವರದು ಬಲಕ್ಕೆ. ಒಂದು ದಿನ ನಮ್ಮ ಹೊಲ, ಮರುದಿನ ಅವರ ಹೊಲ. ಯಾರ ಹೊಲದಲ್ಲಿ ಉಳುಮೆಯೋ ಅಂದು ಎರಡೂ ಎತ್ತಿಗೆ ಅವರದೇ ಹುಲ್ಲು, ಅವರದೇ ಹುರುಳಿ. ಜ್ವರ ಬಂದು ಒಬ್ಬರು ಮಲಗಿದರೆ ಇನ್ನೊಬ್ಬರು ಕೇಳದೆ ಬಂದು ಕೊಟ್ಟಿಗೆಯಿಂದ ಎತ್ತು ಬಿಚ್ಚಿಕೊಂಡು ಹೋಗುತ್ತಿದ್ದರು.

ಈ ಜೊತೆಯಲ್ಲಿ ಒಂದು ವಿಚಿತ್ರವಾದ ಕಟ್ಟಳೆ ಇತ್ತು. ಹಳೆಯ ಎತ್ತು ಮಾರಿ ಹೊಸದು ತರುವಾಗ ಕೊಳ್ಳುವವನು ಆರಿಸುವಂತಿರಲಿಲ್ಲ. ನಮ್ಮ ಎತ್ತನ್ನು ಆರಿಸುತ್ತಿದ್ದುದು ಗೆಳೆಯನ ಅಪ್ಪ. ಅವರ ಎತ್ತನ್ನು ಆರಿಸುತ್ತಿದ್ದುದು ನನ್ನಪ್ಪ. ಹೊಸ ಎತ್ತು ನಡೆಯಬೇಕಾದದ್ದು ಇನ್ನೊಬ್ಬನ ಎತ್ತಿನ ಪಕ್ಕದಲ್ಲಿ ತಾನೆ? ಹೆಜ್ಜೆ ಕೂಡಬೇಕಾದ ಎತ್ತಿನವನೇ ನೋಡಲಿ ಎಂಬ ಲೆಕ್ಕ. ಸಂತೆಯ ದಳ್ಳಾಳಿಗಳಿಗೆ ತಲೆ ಕೆಡುತ್ತಿತ್ತು. ಯಾರ ಮುಂದೆ ಎತ್ತನ್ನು ಹೊಗಳಬೇಕು, ಯಾರಿಗೆ ಅದರ ಬಾಯಿ ತೆರೆದು ಹಲ್ಲು ತೋರಿಸಬೇಕು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಎತ್ತುಗಳ ಕಾಲ ಮುಗಿದು ಟ್ರಾಕ್ಟರು ಬಂತು. ಜೊತೆ ಮುಗಿಯಲಿಲ್ಲ. ನಾನು ಬಿ.ಎಸ್ಸಿ. ಓದಲು ಪಾಂಡವಪುರಕ್ಕೆ ಹೋಗುವಾಗ ಅವನೂ ಬಂದ. ಎರಡು ಮನೆಯವರೂ ಸೇರಿ ತಂದದ್ದು ಒಂದೇ ಸೆಟ್ಟು ಪುಸ್ತಕ. ಗಣಿತದ್ದು ನಮ್ಮ ಮನೆಯಲ್ಲಿ, ಭೌತಶಾಸ್ತ್ರದ್ದು ಅವರ ಮನೆಯಲ್ಲಿ, ರಸಾಯನಶಾಸ್ತ್ರದ್ದು ಯಾರ ಕೈಗೆ ಸಿಕ್ಕರೆ ಅವರದು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕಗಳು ಬದುವಿನ ಮೇಲೆ ಆಚೆ ಈಚೆ ಓಡಾಡುತ್ತಿದ್ದವು. ಬೆಳಿಗ್ಗೆ ಕಬ್ಬು ಕಡಿದು, ಪಂಪ್‌ಸೆಟ್ಟಿನ ನೀರಿನಲ್ಲಿ ಮೈ ತೊಳೆದು, ಅಲ್ಲೇ ಶರ್ಟು ಬದಲಿಸಿ ಬಸ್ಸು ಹಿಡಿಯುತ್ತಿದ್ದೆವು. ಲ್ಯಾಬಿನಲ್ಲಿ ಆ್ಯಸಿಡ್ ಸೋಕಿದರೆ ಕಬ್ಬಿನ ಗರಿ ಕೊಯ್ದ ಗೀರುಗಳೆಲ್ಲ ಉರಿಯುತ್ತಿದ್ದವು. ಉಳಿದ ಹುಡುಗರಿಗೆ ಯಾಕೆ ಉರಿಯುವುದಿಲ್ಲ ಎಂದು ಮೊದಲ ವರ್ಷ ನನಗೆ ಅರ್ಥವೇ ಆಗಿರಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಅವರ ಮನೆಯಲ್ಲಿ ಅವನು. ಇದನ್ನು ನಾನು ದನಿ ತಗ್ಗಿಸಿ ಹೇಳುವುದಿಲ್ಲ. ಈಗ ನಾನು ನಾಗಮಂಗಲದ ಕಡೆಯ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ಪಾಂಡವಪುರದಲ್ಲಿ. ಅವನು ಜಮೀನು ಅಳೆಯುವ ಸರ್ವೆಯರ್. ಶ್ರೀರಂಗಪಟ್ಟಣದ ಕಡೆ ಕೆಲಸ, ಬಾಬುರಾಯನಕೊಪ್ಪಲಿನಲ್ಲಿ ಮನೆ. ಭಾನುವಾರ ಇಬ್ಬರೂ ಊರಿಗೆ ಹೋಗುತ್ತೇವೆ.

ಬೈಕಿನ ಹುಚ್ಚು ಇಬ್ಬರಿಗೂ ಕಾಲೇಜಿನ ದಿನಗಳದು. ಬಸ್ಸಿನ ಕಿಟಕಿಯಲ್ಲಿ ಕೂತು ಮೈಸೂರು ರಸ್ತೆಯಲ್ಲಿ ಹೋಗುವ ದೊಡ್ಡ ಬೈಕುಗಳನ್ನು ನೋಡುತ್ತಿದ್ದೆವು. ಮೈಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇಲ್ಲದ, ಎಂಜಿನ್ನು, ಚೌಕಟ್ಟು, ಕೊಳವೆಗಳೆಲ್ಲ ಬಿಚ್ಚಿ ಕಾಣುವ ಬೈಕುಗಳೇ ನಮಗೆ ಇಷ್ಟ. ಅವಕ್ಕೆ ನೇಕೆಡ್ ಬೈಕು, ಅಂದರೆ ಬೆತ್ತಲೆ ಬೈಕು, ಎನ್ನುತ್ತಾರೆ. ಅದರಲ್ಲಿಯೂ ತೀರಾ ದೈತ್ಯವೂ ಅಲ್ಲದ, ಸಣ್ಣದೂ ಅಲ್ಲದ ಮಿಡ್ಲ್‌ವೇಟ್. ಹೆಸರಿನ ಅರ್ಥ ತಿಳಿದು ನಮ್ಮಪ್ಪ ಕೇಳಿದ್ದು ಒಂದೇ ಮಾತು: “ಅಷ್ಟು ಕಾಸು ಕೊಟ್ರೂ ಬಟ್ಟೆ ಹಾಕಿ ಕೊಡಾಕಿಲ್ವಂತಾ?”

ಹೊಸದನ್ನು ಕೊಳ್ಳುವುದು ನಮ್ಮಂಥವರಿಗೆ ಆಗದು. ಬಳಸಿದ್ದನ್ನೂ ಒಬ್ಬನೇ ಕೊಳ್ಳುವುದು ಆಗದು. ನಲವತ್ತು ದಾಟುವ ಹೊತ್ತಿಗೆ ಒಂದು ದಿನ ಗೆಳೆಯನೇ ಹೇಳಿದ, “ಜೊತೆ ಕಟ್ಟಾಣ ಕಣ್ಲಾ. ಒಂದು ವಾರ ನಿಮ್ಮನೇಲಿ, ಒಂದು ವಾರ ನಮ್ಮನೇಲಿ. ಯಾರ ಮನೇಲಿ ಇರ್ತದೋ ಅವರದೇ ಪೆಟ್ರೋಲು.” ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ ನನಗೆ ಆ ಮಾತು ಹೊಸದು ಅನ್ನಿಸಲೇ ಇಲ್ಲ. ಆಗಲಿ ಎಂದುಬಿಟ್ಟೆ.

ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎರಡು ಮನೆಗೆ ಒಂದು ಬೈಕಾ? ಅಂಗೇ ಒಂದು ಮಿಕ್ಸಿನೂ ತಗಳ್ಳಿ. ಅವ್ರು ಸೋಮ್ವಾರ ಚಟ್ನಿ ರುಬ್ಕೊಳ್ಲಿ, ನಾನು ಮಂಗಳ್ವಾರ ರುಬ್ಕೊತೀನಿ” ಎಂದಳು.

ಗಂಜಾಮಿನ ಹತ್ತಿರ, ಬಳಸಿದ ದೊಡ್ಡ ಬೈಕುಗಳನ್ನು ಮಾರುವ ಅಂಗಡಿಯೊಂದಿದೆ. ಅದರ ಸಾಹೇಬರು ಮಿತಭಾಷಿ. ನಮ್ಮ ಮುಂದೆ ಎರಡು ಬೈಕು ತಂದು ನಿಲ್ಲಿಸಿದರು. ಎರಡೂ ಒಂದೇ ತೂಕದ ವರ್ಗದವು, ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ. ಮೊದಲನೆಯದು ಎರಡು ಸಿಲಿಂಡರಿನದು. ಹಸಿರು ಬಣ್ಣ, ತೆಳ್ಳನೆಯ ಮೈ, ತಗ್ಗಿನ ಸೀಟು. ಎಂಜಿನ್ನು ನಿಧಾನದಲ್ಲೇ ಬಲ ತೋರಿಸುತ್ತದೆ. ಕಬ್ಬಿನ ಟ್ರಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳಿಕೊಂಡು ಹೋಗಿ, ಜಾಗ ಸಿಕ್ಕ ತಕ್ಷಣ ಗೇರು ಬದಲಿಸದೆ ಮುನ್ನುಗ್ಗಬಹುದು. ಎರಡನೆಯದು ನಾಲ್ಕು ಸಿಲಿಂಡರಿನದು. ಕಪ್ಪು, ಅಗಲ, ಎತ್ತರ. ಕೆಳಗಿನ ವೇಗದಲ್ಲಿ ಸೋಮಾರಿ. ಮುಷ್ಟಿ ತಿರುವಿದಂತೆಲ್ಲ ಅದರ ದನಿ ಏರುತ್ತದೆ. ಏರಿದಂತೆಲ್ಲ ನಡುಕ ಕಡಿಮೆಯಾಗಿ ಕೊನೆಗೆ ಬೈಕು ನೀರಿನ ಮೇಲೆ ಜಾರಿದ ಹಾಗೆ ಹೋಗುತ್ತದೆ.

ನನಗೆ ಬೇಕಾದ್ದು ಎರಡರದು. ಅವನಿಗೆ ಬೇಕಾದ್ದು ನಾಲ್ಕರದು. ಅಂಗಡಿಯ ಬಾಗಿಲಲ್ಲೇ ಜಗಳ ಶುರುವಾಯಿತು.

“ನಿನ್ನ ಗಾಡಿ ಸದ್ದು ಎಂಗದೆ ಗೊತ್ತೇನ್ಲಾ? ರಾಗಿ ಮಿಲ್ಲು ಓಡ್ದಂಗೆ. ಅದ್ರ ಮ್ಯಾಲೆ ಬಂದ್ರೆ ದಾರೀಲಿ ಜನ ಚೀಲ ತಂದು ಇಳುಸ್ತಾರೆ” ಎಂದ ಅವನು.

“ನಿಂದು ಹೊಲಿಗೆ ಮಿಷನ್ನು. ಊರೊಳಗೆ ಉಬ್ಬು ದಾಟ್ಸೋಕೆ ಎಷ್ಟು ಸಲ ಗೇರ್ ಬದ್ಲಾಯಿಸ್ಬೇಕು ನೋಡು” ಎಂದೆ.

“ನಾನು ಊರೊಳಗೆ ಓಡ್ಸಾಕೆ ತಗತಿದ್ದೀನಾ? ಊರೊಳಗೆ ಸ್ಕೂಟರ್ ಅದೆ ಬುಡ್ಲಾ.”

ಸಾಹೇಬರು ಎರಡು ಹೆಲ್ಮೆಟ್ಟು ತಂದು ಮುಂದಿಟ್ಟರು. “ಬಹಸ್ ಬೇಡ ಸಾಬ್, ವಾದ ಯಾಕೆ? ಓಡಿಸಿ ನೋಡಿ” ಎಂದರು.

ಅವನು ನಾಲ್ಕರದನ್ನು ಹತ್ತಿದ. ನಾನು ಎರಡರದನ್ನು ಹತ್ತಿ ಹಿಂದೆ ಹೊರಟೆ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿಸಿಕೊಂಡು ಬಂದೆವು. ವಾಪಸು ಬರುವಾಗ ನಿಮಿಷಾಂಬ ದೇವಸ್ಥಾನದ ದಾರಿಯಲ್ಲಿ ಜನ ತುಂಬಿದ್ದರು. ನದಿಯ ಕಡೆಗೆ ಇಳಿಜಾರು. ಮುಂದಿನ ಆಟೋ ಥಟ್ಟನೆ ನಿಂತಿತು. ಗೆಳೆಯ ಬ್ರೇಕು ಹಾಕಿ ಎಡಗಾಲು ಇಳಿಬಿಟ್ಟ. ಕಾಲು ನೆಲ ಮುಟ್ಟಲಿಲ್ಲ. ಹೆಬ್ಬೆರಳಿನ ತುದಿ ನೆಲ ಹುಡುಕಿತು. ಅಷ್ಟರಲ್ಲಿ ಬೈಕು ಎಡಕ್ಕೆ ವಾಲಿತು. ಪಕ್ಕದಲ್ಲಿ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಎದ್ದು ಬಂದು ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದು ನೆಟ್ಟಗೆ ಮಾಡಿದಳು.

“ಏನಪ್ಪಾ, ನನ್ ನಿಂಬೆಹಣ್ಣೆಲ್ಲ ಇಲ್ಲೇ ಜ್ಯೂಸ್ ಮಾಡ್ಬುಡ್ತಿದ್ಯಲ್ಲ!” ಎಂದು ಬೈದಳು.

ಗೆಳೆಯ ಹಿಂದೆ ತಿರುಗಿ ನನ್ನನ್ನು ನೋಡಿದ. “ಮರಳು ಇತ್ತು ಕಣ್ಲಾ. ಕಾಲು ಜಾರ್ತು” ಎಂದ. ರಸ್ತೆ ಗುಡಿಸಿಟ್ಟ ಹಾಗಿತ್ತು. ಮರಳು ಎಲ್ಲಿಯೂ ಇರಲಿಲ್ಲ. “ಊಂ, ನಾನೂ ನೋಡ್ದೆ” ಎಂದೆ.

ಅಂಗಡಿಗೆ ಬಂದಾಗ ಅವನು ಇಳಿದ ರೀತಿಯನ್ನು ಸಾಹೇಬರು ಗಮನಿಸಿದರು. “ಸಾಬ್, ಈ ಗಾಡಿ ಸ್ವಲ್ಪ ಎತ್ತರ...” ಎಂದು ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ ಟೈರು ಎಷ್ಟು ಸವೆದಿದೆ, ಚೈನು ಯಾವಾಗ ಬದಲಿಸಿದ್ದು ಎಂದೆಲ್ಲ ಕೇಳಿ ಮಾತು ತಿರುಗಿಸಿದೆ.

ಯಾಕೆ ತಿರುಗಿಸಿದೆ ಎಂಬುದನ್ನು ಹೇಳಬೇಕು. ಡಿಗ್ರಿ ಮುಗಿದ ಮೇಲೆ ನನ್ನ ಗೆಳೆಯ ಪೊಲೀಸು ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದು ಹೊರಟಿದ್ದ. ಬೆಳಗಿನ ಜಾವ ಕಾಲುವೆಯ ಏರಿಯ ಮೇಲೆ ಓಡುತ್ತಿದ್ದ. ನಾನು ಸೈಕಲ್ಲಿನಲ್ಲಿ ಹಿಂದೆ ಹೋಗಿ ಗಡಿಯಾರ ನೋಡುತ್ತಿದ್ದೆ. ಓಟದಲ್ಲಿ ಅವನನ್ನು ಹಿಂದೆ ಹಾಕುವವರು ನಮ್ಮ ಹೋಬಳಿಯಲ್ಲೇ ಇರಲಿಲ್ಲ. ಆಯ್ಕೆಯ ದಿನ ಅಳತೆಯ ಕಂಬದ ಕೆಳಗೆ ನಿಲ್ಲಿಸಿದರು. ಅರ್ಧ ಬೆರಳು ಕಮ್ಮಿ. ಅಳೆಯುತ್ತಿದ್ದವನು “ನೆಕ್ಸ್ಟ್” ಎಂದನಂತೆ. ಅಷ್ಟೇ. ಮೈದಾನದ ಹೊರಗೆ ಕಾಯುತ್ತಿದ್ದ ನನ್ನ ಹತ್ತಿರ ಬಂದು, “ಓಡೋಕೇ ಬುಡ್ಲಿಲ್ಲ ಕಣ್ಲಾ” ಎಂದ. ಅವನ ಬಾಯಿಂದ ಆ ದಿನದ ಬಗ್ಗೆ ನಾನು ಕೇಳಿದ್ದು ಅದೊಂದೇ ಮಾತು.

ಅಂದಿನಿಂದ ಅವನನ್ನು ಯಾರೂ ಅಳೆಯುವಂತಿಲ್ಲ. ಮದುವೆಗೆ ಸೂಟು ಹೊಲಿಸುವಾಗ ಟೇಪು ಹಿಡಿದು ಬಂದ ಟೈಲರಿಗೆ ಹಳೆಯ ಪ್ಯಾಂಟೊಂದನ್ನು ಕೊಟ್ಟು “ಇದೇ ಅಳತೆ” ಎಂದಿದ್ದ. ಈಗಲೂ ಹಾಗೆಯೇ. ಊರವರ ಭೂಮಿಯನ್ನೆಲ್ಲ ಅಂಗುಲ ಬಿಡದೆ ಅಳೆದುಕೊಡುವ ಮನುಷ್ಯ ತನ್ನ ಮೈಗೆ ಟೇಪು ಸೋಕಲು ಬಿಡುವುದಿಲ್ಲ. ಊರಿನ ಹುಡುಗರು ಹಿಂದಿನಿಂದ ಕುಳ್ಳ ಎನ್ನುತ್ತಾರೆ. ಅವನ ಮುಂದೆ ಆ ಮಾತನ್ನು ನಾನು ಎಂದೂ ಆಡಿಲ್ಲ.

ನನ್ನ ಇಕ್ಕಟ್ಟು ಇದು. ಜಗಳ ಗೆಲ್ಲುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. “ನಿನ್ನ ಕಾಲು ನಿಲುಕಲ್ಲ” ಎಂದರೆ ಮುಗಿಯಿತು, ಹಸಿರು ಬೈಕು ಮನೆಗೆ ಬರುತ್ತದೆ. ಆದರೆ ಆ ಮಾತಿನ ಮೇಲೆ ಬಂದ ಬೈಕನ್ನು ಅವನು ಒಂದು ದಿನವೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳದೆ ಸುಮ್ಮನಿದ್ದು ಅವನ ಇಷ್ಟದ್ದನ್ನೇ ತಂದರೆ ಯಾವುದಾದರೂ ಇಳಿಜಾರಿನಲ್ಲಿ ಬೈಕು ಅವನ ಮೇಲೆ ಬೀಳುತ್ತದೆ. ಎರಡೂ ಬೇಡ ಎಂದು ಕೈ ಬಿಟ್ಟರೆ ಅಪ್ಪಂದಿರ ಕಾಲದಿಂದ ಬಂದ ಜೊತೆ ಮೊದಲ ಬಾರಿಗೆ ಮುರಿಯುತ್ತದೆ. ಅದೂ ಓದಿದವರ ಕೈಯಲ್ಲಿ. ಬೈಕು ಹೋದರೆ ಹೋಗಲಿ, ಅದು ಆಗಬಾರದು ಎಂದುಕೊಂಡೆ.

ಒಂದು ವಾರವಿಡೀ ಫೋನಿನಲ್ಲಿ ಕಿತ್ತಾಡಿದೆವು. ನಾನು ಮೈಲೇಜು ಎಂದೆ, ತೂಕ ಎಂದೆ, ಬಿಡಿ ಭಾಗ ಸಿಗುವುದು ಕಷ್ಟ ಎಂದೆ. ಅವನು ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದ. “ನಿಂಗೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನು. ಮೇಷ್ಟ್ರು ಅಂತ ಪಾಠ ಮಾಡ್ಬ್ಯಾಡ” ಎಂದು ಒಂದು ದಿನ ಫೋನು ಇಟ್ಟೇಬಿಟ್ಟ.

ಭಾನುವಾರ ಊರಿಗೆ ಹೋದಾಗ ಅಪ್ಪ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. “ಏನಾಯ್ತಲಾ ನಿಮ್ ಬೆತ್ತಲೆ ಗಾಡಿ?” ಎಂದರು. ಇಬ್ಬರಿಗೂ ಒಪ್ಪಿಗೆ ಆಗುತ್ತಿಲ್ಲ ಎಂದೆ.

“ಎರಡೂ ಬ್ಯಾಡ ಬುಡು ಅತ್ಲಾಗೆ. ಆ ಕಾಸಿಗೆ ಒಂದು ಟಿಲ್ಲರು ತಗಳ್ಳಿ. ಅದೂ ಬೆತ್ತಲೇನೇ ಇರ್ತದೆ.”

“ಅಪ್ಪಾ, ನೀನೂ ಅವ್ರಪ್ಪನೂ ಎಂದೂ ಜಗಳ ಆಡ್ಲಿಲ್ವಾ?”

“ಆಡ್ದೆ ಏನು? ಅವನು ನಂಗೆ ಆರಿಸಿದ್ ಎತ್ತು ಒಂದೂ ನಂಗೆ ಇಷ್ಟ ಆಗ್ಲಿಲ್ಲ. ನಾನು ಅವ್ನಿಗೆ ಆರಿಸಿದ್ದು ಅವ್ನಿಗೂ ಇಷ್ಟ ಇಲ್ಲ.” ಅಪ್ಪ ಹಗ್ಗ ಜಗ್ಗಿ ನೋಡಿ ನಕ್ಕರು. “ಉಳುಮೆ ನಡೀತಲ್ಲ ಬುಡು.”

ಅದರಿಂದ ನನಗೆ ದಾರಿಯೇನೂ ಸಿಗಲಿಲ್ಲ. ಆದರೆ ಒಂದು ಆಲೋಚನೆ ಬಂತು. ನಾವಿಬ್ಬರೂ ಇಷ್ಟು ದಿನ ಮಾಡಿದ್ದೇನು? ನನ್ನ ಬೈಕನ್ನು ನಾನು ಆರಿಸುತ್ತಿದ್ದೆ, ಅವನ ಬೈಕನ್ನು ಅವನು. ಜೊತೆ ಕಟ್ಟಿದವರ ಕಟ್ಟಳೆ ಅದಲ್ಲವೇ ಅಲ್ಲ. ಹೊಲಕ್ಕೆ ಹೋದೆ. ಅವನು ಬದುವಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು ಹೇಳಿದೆ: “ನಂಗೆ ನೀನು ಆರ್ಸು. ನಿಂಗೆ ನಾನು ಆರಿಸ್ತೀನಿ.”

ಅವನಿಗೆ ತಕ್ಷಣ ತಿಳಿಯಿತು. ಅವನಿಗೂ ಆ ಸಂತೆಗಳೆಲ್ಲ ನೆನಪಿದ್ದವು.

ನಾನು ಅವನಿಗಾಗಿ ನೋಡಬೇಕಿತ್ತು. ಹೆದ್ದಾರಿಯಲ್ಲಿ ಅವನು ನಾಲ್ಕರದನ್ನು ಓಡಿಸಿದ್ದು ಕಣ್ಣ ಮುಂದೆ ಬಂತು. ಹಿಂದಿನಿಂದ ನಾನು ನೋಡಿದ್ದೆ. ಕಚೇರಿಯ ಕುರ್ಚಿಯಲ್ಲಿ ಸದಾ ಬಿಗಿದುಕೊಂಡಿರುವ ಅವನ ಭುಜಗಳು ಸಡಿಲವಾಗಿದ್ದವು. ದನಿ ಏರಿದ ಕಡೆ ಅವನು ಮೈ ಮುಂದಕ್ಕೆ ಬಾಗಿಸಿ, ಕಾಲುವೆ ಏರಿಯ ಮೇಲೆ ಓಟದ ಕೊನೆಯ ಗಳಿಗೆಯಲ್ಲಿ ಬಾಗುತ್ತಿದ್ದನಲ್ಲ, ಹಾಗೆಯೇ ಬಾಗಿದ್ದ. ನಾನು ಒಂದು ವಾರ ಅವನ ಕಾಲಿನ ಬಗ್ಗೆಯೇ ಯೋಚಿಸಿದ್ದೆ. ಅವನ ಬಗ್ಗೆ ಯೋಚಿಸಿರಲೇ ಇಲ್ಲ. ಎತ್ತಿನ ಕಾಲು ಗಿಡ್ಡ ಮಾಡಲಾಗದು. ಬೈಕಿನ ಸೀಟು ತಗ್ಗಿಸಬಹುದು. ಗಣಿತದ ಮೇಷ್ಟ್ರಿಗೆ ಅಷ್ಟು ಹೊಳೆಯಲು ಒಂದು ವಾರ ಹಿಡಿಯಿತು.

“ನಿಂಗೆ ನಾಲ್ಕರದೇ” ಎಂದೆ.

ಅವನು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. “ನಿಂಗೆ ಎರಡರದೇ ಕಣ್ಲಾ” ಎಂದ. “ದಿನಾ ಆ ನಾಗಮಂಗ್ಲದ ದಾರೀಲಿ ಟ್ರಾಕ್ಟರ್ ಹಿಂದೆ ಸಾಯೋನು ನೀನು. ನಿಂಗೆ ಅದೇ ಸರಿ.”

ಕೊಳ್ಳಬೇಕಾದದ್ದು ಮಾತ್ರ ಒಂದೇ. ಈಗ ಜಗಳ ಉಲ್ಟಾ ಆಯಿತು. ಅವನ ಬೈಕನ್ನು ನಾನು ಹೊಗಳಲು ಶುರು ಮಾಡಿದೆ, ನನ್ನ ಬೈಕನ್ನು ಅವನು. ರಾಗಿ ಮಿಲ್ಲು ಎಂದವನು ಅದರ ಸದ್ದು ಗಂಭೀರವಾಗಿದೆ ಎಂದ. ಹೊಲಿಗೆ ಮಿಷನ್ನು ಎಂದಿದ್ದ ನಾನು ಆ ಎಂಜಿನ್ನಿನ ನಯ ಬೇರೆ ಯಾವುದರಲ್ಲಿಯೂ ಸಿಗದು ಎಂದೆ. ಅವನಪ್ಪ ನೀರು ಕಟ್ಟಲು ಬಂದವರು ಗುದ್ದಲಿ ಊರಿಕೊಂಡು ನಿಂತು ಕೇಳಿಸಿಕೊಂಡರು. “ಓದ್ದೋರು ಕಣಪ್ಪ. ಒಂದ್ ವಾರ ಇಂಗೆ ಕಿತ್ತಾಡದು, ಒಂದ್ ವಾರ ಅಂಗೆ ಕಿತ್ತಾಡದು” ಎಂದು ಹೇಳಿ ಮುಂದೆ ಹೋದರು.

ಕೊನೆಗೆ ಆ ಜಗಳದಲ್ಲಿ ಸೋತವನು ಅವನು. ಅಂದರೆ ಗೆದ್ದದ್ದು ಅವನ ಬೈಕು. “ಆಮೇಲೆ ಅನ್ನಬ್ಯಾಡ, ನಾನು ಬಲವಂತ ಮಾಡ್ದೆ ಅಂತ” ಎಂದ. ಅನ್ನುವುದಿಲ್ಲ ಎಂದೆ. ನನಗೆ ಆಗ ಉಳಿದಿದ್ದು ಒಂದೇ ಕೆಲಸ, ಸೀಟು. ಅದನ್ನು ಅವನ ಹೆಸರು ಎತ್ತದೆ ಮಾಡಿಸಬೇಕಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗಂಜಾಮಿಗೆ ಹೋದೆವು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಮೈಸೂರಿನಿಂದ ಬಂದಿದ್ದ ಇಬ್ಬರು ಯುವಕರು ಹಸಿರು ಬೈಕಿನ ಸುತ್ತ ತಿರುಗುತ್ತಿದ್ದರು. ನನ್ನ ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ. ಸಾಹೇಬರು ನಾಲ್ಕರದನ್ನು ಹೊರಗೆ ತಳ್ಳಿಕೊಂಡು ಬಂದರು. ನಾನು ಹತ್ತಿ ಕೂತೆ. ನನ್ನ ಪಾದಗಳು ಹಿಮ್ಮಡಿಯವರೆಗೂ ನೆಲಕ್ಕೆ ಅಂಟಿದ್ದವು. ಹಿಮ್ಮಡಿಗಳನ್ನು ಮೆಲ್ಲಗೆ ಮೇಲೆತ್ತಿ ಬೆರಳ ತುದಿಯಲ್ಲಿ ನಿಂತು, ತುಸು ಗಟ್ಟಿಯಾಗಿಯೇ ಹೇಳಿದೆ: “ಸಾಹೇಬ್ರೇ, ನನಗೆ ಕಾಲು ಸರಿಯಾಗಿ ನಿಲುಕ್ತಾ ಇಲ್ಲ. ಈ ಸೀಟು ಸ್ವಲ್ಪ ತಗ್ಗಿಸಿ ಕೊಡೋಕಾಗ್ತದಾ?”

ಸಾಹೇಬರು ನನ್ನ ಕಾಲು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು ಅನ್ನಿಸುತ್ತದೆ, “ಹೋ ಜಾಯೇಗಾ ಸಾಬ್. ನಿಮ್ಗೆ ಎಷ್ಟು ಬೇಕೋ ಅಷ್ಟು ತಗ್ಗಿಸೋಣ” ಎಂದರು.

ಗೆಳೆಯ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದ. ನಾನು ಅವನ ಕಡೆ ನೋಡದೆ ಮೀಟರಿನ ಮುಳ್ಳು, ಕನ್ನಡಿ ಎಂದು ಏನೇನೋ ಮುಟ್ಟುತ್ತಿದ್ದೆ. ಅವನು ಮೊದಲು ಮೂಗಿನಲ್ಲಿ ನಕ್ಕ. ಆಮೇಲೆ ಬಾಯಿಬಿಟ್ಟು ನಕ್ಕ. ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ.

“ಇವನಿಗೆ ನಿಲುಕಲ್ವಂತೆ! ಲೇ, ನಿನ್ನ ಕಾಲು ಬುಟ್ರೆ ಕಾವೇರಿ ತಳ ಮುಟ್ತದೆ ಕಣ್ಲಾ! ಯಾರಿಗ್ಲಾ ಸುಳ್ಳು ಯೋಳ್ತಾ ಇದ್ದೀಯ?” ಅವನು ಬಂದು ನನ್ನ ಎತ್ತಿದ ಹಿಮ್ಮಡಿಯನ್ನು ತನ್ನ ಬೂಟಿನ ತುದಿಯಿಂದ ತಟ್ಟಿ ಕೆಳಗೆ ಇಳಿಸಿದ. “ಇಳಿ ಕೆಳಗೆ.”

ಇಳಿದೆ. ತಪ್ಪು ಮಾಡಿಬಿಟ್ಟೆನೋ, ಅವನಿಗೆ ನೋವಾಯಿತೋ ಎಂದು ಹೆದರಿದ್ದೆ. ಅವನು ಬೈಕು ಹತ್ತಿ ಕೂತ. ಎರಡೂ ಕಾಲು ಇಳಿಬಿಟ್ಟ. ಎರಡೂ ಹೆಬ್ಬೆರಳು ಮಾತ್ರ ನೆಲ ಸೋಕಿದವು. ಅದನ್ನು ಎಲ್ಲರೂ ನೋಡುವಂತೆ ಹಾಗೇ ಸ್ವಲ್ಪ ಹೊತ್ತು ಇದ್ದ.

“ನೋಡಿ ಸಾಹೇಬ್ರೇ. ನಿಲುಕದೆ ಇರೋದು ನಂಗೆ. ಅವತ್ತು ದೇವಸ್ಥಾನದ ತಾವ ಬೀಳ್ತಿದ್ದೆ. ನಿಂಬೆಹಣ್ಣಿನಮ್ಮ ಹಿಡ್ಕೊಂಡ್ಲು. ಇವನು ನೋಡ್ದ, ನೋಡ್ಬುಟ್ಟು ಒಂದು ವಾರ ಮೈಲೇಜು ಮೈಲೇಜು ಅಂತ ಹರಿಕಥೆ ಮಾಡ್ದ.” ಆಮೇಲೆ ಇಳಿದು, ಕಾಲು ಅಗಲಿಸಿ ನೆಟ್ಟಗೆ ನಿಂತ. “ಟೇಪು ತನ್ನಿ. ನನ್ನ ಕಾಲಿನ ಅಳತೆ ತಗೊಳ್ಳಿ. ಸರಿಯಾಗಿ ತಗೊಳ್ಳಿ. ನಾನು ಸರ್ವೆಯರ್, ಅರ್ಧ ಬೆರಳು ಎಚ್ಚು ಕಮ್ಮಿ ಆದ್ರೂ ನಂಗೆ ಗೊತ್ತಾಗ್ತದೆ.”

ಸಾಹೇಬರು ಟೇಪು ತಂದರು. ಬಗ್ಗಿ, ತೊಡೆಯ ಸಂದಿನಿಂದ ಹಿಮ್ಮಡಿಯವರೆಗೆ ಹಿಡಿದರು. ನನ್ನ ಗೆಳೆಯ ಮೈದಾನದಲ್ಲಿ ನಿಂತಂತೆ ಎದೆಯುಬ್ಬಿಸಿ, ಗಲ್ಲ ಮೇಲೆತ್ತಿ, ಕಣ್ಣು ಮಿಟುಕಿಸದೆ ನಿಂತಿದ್ದ. ಮೈಸೂರಿನ ಯುವಕರಿಗೆ ಇದು ಏನೂ ಅಲ್ಲ. ಅವರಿಗೆ ಕಂಡದ್ದು ಸೀಟಿಗೆ ಅಳತೆ ಕೊಡುತ್ತಿರುವ ಒಬ್ಬ ಗಿರಾಕಿ. ನಾನು ಮಾತ್ರ ಇಷ್ಟು ವರ್ಷಗಳಲ್ಲಿ ಅವನ ಮೈಗೆ ಟೇಪು ಸೋಕಿದ್ದನ್ನು ಮೊದಲ ಸಲ ನೋಡುತ್ತಿದ್ದೆ. ಡಿಗ್ರಿಯ ಫಲಿತಾಂಶ ಬಂದ ದಿನ ಇಬ್ಬರ ನಂಬರೂ ಬೋರ್ಡಿನ ಮೇಲೆ ನೋಡಿದಾಗ ಎದೆ ಎಷ್ಟು ತುಂಬಿತ್ತೋ ಅಷ್ಟೇ ತುಂಬಿತು. ಅಳತೆ ಎಷ್ಟು ಬಂತು ಎಂದು ಸಾಹೇಬರು ಬಾಯಿಬಿಟ್ಟು ಹೇಳಿದರು. ಅವನೂ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡ. ಸರಿ ಎಂದು ತಲೆಯಾಡಿಸಿದ.

ಸೀಟಿನ ಒಳಗಿನ ಸ್ಪಂಜು ಕೊರೆದು, ಹಿಂದಿನ ಸ್ಪ್ರಿಂಗಿನ ಬಳಿಯ ಕೊಂಡಿ ಬದಲಿಸಿ, ನಾಲ್ಕು ದಿನದಲ್ಲಿ ಬೈಕು ಸಿದ್ಧವಾಯಿತು. ಕಾಗದಪತ್ರದಲ್ಲಿ ಒಬ್ಬರ ಹೆಸರಿಗೆ ಮಾತ್ರ ಜಾಗ. ಅವನದು ಬರೆಸಿದೆವು. ನನ್ನದೇನೂ ಕಡಿಮೆಯಾಗಲಿಲ್ಲ.

ತರಲು ಹೋದ ದಿನ ದಾರಿಯಲ್ಲಿ ಕೇಳಿದೆ, “ಅವತ್ತೇ ಯೋಳ್ಬೌದಿತ್ತಲ್ವೇನ್ಲಾ? ಮರಳು ಗಿರಳು ಅಂದ್ಯಲ್ಲ.”

“ನೀನು ಕುಳ್ಳ ಅಂತೀಯೇನೋ ಅಂತ ಕಾಯ್ತಿದ್ದೆ” ಎಂದ. “ಅಂದಿದ್ರೆ ಅಲ್ಲೇ ಬಿಟ್ಟು ಓಗ್ಬುಡ್ತಿದ್ದೆ. ನೀನು ಅನ್ನಲಿಲ್ಲ. ಅದ್ರ ಮ್ಯಾಲೆ ಕಾಲು ಎತ್ಕೊಂಡು ನಾಟ್ಕ ಬೇರೆ ಆಡ್ದೆ. ನೀನು ಕುಳ್ಳ ಆಗೋಕೆ ರೆಡಿ ಇದ್ರೆ ನಂಗೇನ್ಲಾ ರೋಗ?”

ನಾನು ಅವನ ಬೆನ್ನಿಗೊಂದು ಗುದ್ದು ಕೊಟ್ಟೆ.

ಬೈಕು ತೆಗೆದುಕೊಂಡು ಪಾಂಡವಪುರದ ಮೇಲೆ ಊರಿಗೆ ಹೊರಟೆವು. ಮೊದಲು ಅವನು ಓಡಿಸಿದ, ನಾನು ಹಿಂದೆ. ರೈಲ್ವೆ ಗೇಟು ಹಾಕಿತ್ತು. ಏರಿನ ಮೇಲೆಯೇ ನಿಲ್ಲಬೇಕಾಯಿತು. ಮುಂದೆ ಕಬ್ಬು ತುಂಬಿದ ಟ್ರಾಕ್ಟರು, ಹಿಂದೆ ಬಸ್ಸು. ಅವನು ಎರಡೂ ಪಾದ ಊರಿ, ಇಬ್ಬರ ಭಾರವನ್ನೂ ಬೈಕಿನ ಭಾರವನ್ನೂ ಹೊತ್ತುಕೊಂಡು ಅಲ್ಲಾಡದೆ ನಿಂತ. ರೈಲು ಹೋಯಿತು. ಗೇಟು ಎತ್ತಿದಾಗ ಅವನು ಎಂಜಿನ್ನಿನ ದನಿ ಒಮ್ಮೆ ಏರಿಸಿದ. ಹಿಂದಿನ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು.

ಊರಿನಲ್ಲಿ ಅಪ್ಪ ಬೈಕಿನ ಸುತ್ತ ಒಂದು ಸುತ್ತು ಬಂದು ಎಂಜಿನ್ನಿನ ಮೇಲೆ ಅಂಗೈ ಇಟ್ಟರು, ಬಿಸಿ ತಾಗಿ ತೆಗೆದರು. ಯಾರದ್ದು ಎಂದು ಕೇಳಲಿಲ್ಲ. “ಈ ವಾರ ಯಾರ ಮನೇಲಿ?” ಎಂದಷ್ಟೇ ಕೇಳಿದರು.

ಒಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ಸೀಟು ತಗ್ಗಿಸಿದ್ದು ಅವನ ಅಳತೆಗೆ. ನನ್ನ ಸರದಿಯ ವಾರ ನಾಗಮಂಗಲದ ಕಡೆ ಹೋಗುವಾಗ ನನ್ನ ಮೊಣಕಾಲುಗಳು ಮಿಡತೆಯ ಕಾಲಿನಂತೆ ಮಡಚಿಕೊಳ್ಳುತ್ತವೆ. ಶಾಲೆಯ ಗೇಟಿನಲ್ಲಿ ಇಳಿದು ಎರಡು ಹೆಜ್ಜೆ ಕುಂಟಿಯೇ ನಡೆಯಬೇಕು. ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಗೇರು ಬದಲಿಸಿ ಬದಲಿಸಿ ಎಡ ಮಣಿಕಟ್ಟೂ ನೋಯುತ್ತದೆ. ಮೊನ್ನೆ ಬೈಕು ಒಪ್ಪಿಸಲು ಬಾಬುರಾಯನಕೊಪ್ಪಲಿಗೆ ಹೋದಾಗ ಅವನ ಮನೆಯ ಮುಂದೆಯೇ ಕೂತು ಮೊಣಕಾಲು ನೀವಿಕೊಂಡೆ.

“ನೋಯ್ತದೆ ಕಣ್ಲಾ” ಎಂದೆ.

“ನೋಯ್ಲಿ” ಎಂದ ಅವನು, ಬೀಗದ ಕೈಗೆ ಕೈಚಾಚುತ್ತ. “ಯಾರ್ಲಾ ನಿಂಗೆ ಇಷ್ಟು ಉದ್ದ ಬೆಳಿ ಅಂದೋರು?”